ಟಂಟಂನಲ್ಲಿ ನನ್ನ ಹಾಡು

ಗೆಳೆಯರೇ, ನನ್ನ ಪ್ಲೇಲಿಸ್ಟ್‌ನ ಮಾನ ಇವತ್ತು ಟಂಟಂ ಆಟೋದಲ್ಲಿ ಹೋಯಿತು. ಸವಣೂರಿನಿಂದ ಶಿಗ್ಗಾವಿಗೆ ಬರುವಾಗ ಡ್ರೈವರ್ ಒಂದೇ ಡಿಜೆ ಹಾಡನ್ನು ಮೂರನೇ ಸಲ ಹಚ್ಚಿದ. "ಅಣ್ಣಾ, ಸೌಂಡ್ ಕಮ್ಮಿ ಮಾಡ್ರಿ ಪ್ಲೀಸ್. ಇಂಥ ಕಮರ್ಷಿಯಲ್ ಹಾಡು ನಾ ಕೇಳೂದಿಲ್ಲ" ಎಂದೆ.

"ಹಂಗಾರ ನಿಂದ ಹಚ್ಚವಾ, ನಾವೂ ಕೇಳ್ತೇವಿ" ಎಂದು ಸ್ಪೀಕರಿನ ವೈರನ್ನು ನನ್ನ ಕೈಗೇ ಕೊಟ್ಟ.

ದಿನಾ ಒಬ್ಬಳೇ ಅಳುತ್ತ ಕೇಳುವ ಇಂಗ್ಲಿಷ್ ಹಾಡನ್ನೇ ಹಾಕಿದೆ. ಗಾಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ವೀಳ್ಯದೆಲೆಯ ಬುಟ್ಟಿ ಹಿಡಿದು ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಮೆಲ್ಲಗೆ ಕೇಳಿದಳು, "ಯಾರ ತೀರ್ಕೊಂಡಾರವಾ?"

"ಯಾರೂ ಇಲ್ಲ ಅಜ್ಜಿ. ನನ್ನ ಒಳಗ ಕರಿಯೋರು ಯಾರೂ ಇಲ್ಲ, ಬಾಗಲದಾಗ ನಿಂತೇನಿ ಅಂತ ಹಾಡಾಕತ್ತಾನ."

"ಬಾಗಲಾ ಬಡದಾನೇನು?"

"ಅದು... ಹಾಡಿನಾಗ ಇಲ್ರಿ."

"ಬಡೀಲಾರದ ಯಾರ ತಗೀತಾರ? ಎಂಥಾ ಹುಚ್ಚಪ್ಪನ ಹಾಡವಾ ಇದು!"

ಎಲ್ಲರೂ ನಕ್ಕರು. ಡ್ರೈವರ್ ವೈರನ್ನು ವಾಪಸ್ ತೆಗೆದುಕೊಂಡ.

ಈಗ ಹಾಸ್ಟೆಲ್ ರೂಮಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಪಕ್ಕದ ರೂಮಿನ ಹುಡುಗಿಯರ ಹೆಸರೂ ನನಗೆ ಗೊತ್ತಿಲ್ಲ. ಅಲ್ಲಿಂದ ಈಗಲೂ ನಗು ಕೇಳಿಸುತ್ತಿದೆ. ಬಾಗಿಲು ಬಡಿಯುವ ಧೈರ್ಯ ಇದ್ದಿದ್ದರೆ ಇಂಥ ಹಾಡನ್ನು ಯಾರಾದರೂ ಯಾಕೆ ಕೇಳುತ್ತಿದ್ದರು, ಅಜ್ಜಿ?