ಆರನೇ ಎಲೆ ಮತ್ತು ಹಸಿ ಬಟಾಣಿ

ಓದುಗರೆಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾಗಿದ್ದು ಮದುವೆಯಾದ ಮೇಲೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ, ಬೇಸರ ಮಾಡಿಕೊಳ್ಳಬೇಡಿ.

ನಾವು ಕಡೂರಿನಿಂದ ಮಂಗಳೂರಿಗೆ ಬಂದ ವಾರಕ್ಕೆ ದೀಪಾವಳಿ. ಕಾಟಿಪಳ್ಳದಲ್ಲಿ ನಮಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟ ಗುಲಾಬಿಯಕ್ಕ ಊಟಕ್ಕೆ ಕರೆದರು. ನಾನು, ಹೆಂಡತಿ ರತ್ನ, ಐದು ವರ್ಷದ ಮಗಳು ನಂದು, ಗುಲಾಬಿಯಕ್ಕ, ಪಂಪ್‌ವೆಲ್‌ನಲ್ಲಿ ಟಯರ್ ಅಂಗಡಿ ಇಟ್ಟಿರುವ ಅವರ ಗಂಡ. ಜನ ಐದು, ಎಲೆ ಆರು. ಆರನೆಯದನ್ನು ಒಳಕೋಣೆಯಲ್ಲಿ ದೀಪದ ಪಕ್ಕ ಹಾಕಿ, ಎಲ್ಲಕ್ಕಿಂತ ಮೊದಲು ಅದಕ್ಕೇ ಬಡಿಸಿದರು. ನೀರಿಟ್ಟರು. ಬಾಗಿಲು ಎಳೆದುಕೊಂಡು ನಮ್ಮನ್ನೆಲ್ಲ ಅಂಗಳಕ್ಕೆ ಕರೆತಂದರು. ಹತ್ತು ನಿಮಿಷ ಅಲ್ಲೇ ನಿಂತಿದ್ದೆವು. ಆಮೇಲೆ ಗುಲಾಬಿಯಕ್ಕ ಆ ಖಾಲಿ ಕೋಣೆಯ ಬಾಗಿಲನ್ನು ಮೂರು ಸಲ ತಟ್ಟಿ, ಸ್ವಲ್ಪ ಕಾದು, ಒಳಗೆ ಹೋದರು.

"ಯಾರಿಗೆ ಅಕ್ಕ ಅದು?" ಎಂದು ಊಟಕ್ಕೆ ಕೂತಾಗ ಕೇಳಿದೆ.

"ನಮ್ಮ ಶಶಿಕಲನಿಗೆ. ಐದು ವರ್ಷ ಇರುವಾಗ ಜ್ವರ ಬಂದು ಹೋದ್ಲು."

"ಮಗುವಿಗೆ ಅಷ್ಟು ದೊಡ್ಡ ಎಲೆಯಾ?"

"ಎಂತ ಮಗು ಮಾರಾಯ್ರೆ, ಅವಳಿಗೆ ಈಗ ಮೂವತ್ತೆರಡು. ನಿಮ್ಮ ಊರಲ್ಲಿ ಹೋದ ಮಕ್ಕಳು ದೊಡ್ಡವರಾಗುದಿಲ್ವಾ?"

ನಮ್ಮ ಊರಿನಲ್ಲೂ ಹಿರಿಯರಿಗೆ ಎಡೆ ಇಡುತ್ತೇವೆ. ಆದರೆ ಹೋದವರು ಹೋದ ವಯಸ್ಸಿನಲ್ಲೇ ನಿಂತಿರುತ್ತಾರೆ. ಇಲ್ಲಿ ಹಾಗಲ್ಲ. ತೀರಿಹೋದವರನ್ನು ತುಳುವಿನಲ್ಲಿ ಕುಲೆ ಎನ್ನುತ್ತಾರೆ. ಕುಲೆಗೂ ವರ್ಷ ತುಂಬುತ್ತದೆ. ಅನ್ನ ನುಂಗುತ್ತಾ ನಾನು ಆ ಕೋಣೆಯ ಕಡೆ ಬೆನ್ನು ಬರದಂತೆ ತಿರುಗಿ ಕೂತೆ.

ನಮ್ಮ ನಿಜವಾದ ಕಷ್ಟ ನಂದುವಿನದು. ಅವಳು ಊಟ ಬಿಟ್ಟಿದ್ದಳು. ಇಲ್ಲಿನ ಕುಚ್ಚಲಕ್ಕಿ ದಪ್ಪ ಎನ್ನುವಳು, ತೆಂಗಿನೆಣ್ಣೆ ಒಗ್ಗರಣೆಗೆ ಮೂಗು ಮುಚ್ಚುವಳು. ಮುದ್ದೆ ಮಾಡಿಕೊಟ್ಟರೂ ಬೇಡ. ಅಂಗನವಾಡಿಯ ತೂಕದ ಚೀಟಿಯಲ್ಲಿ ಎರಡು ತಿಂಗಳು ಗೆರೆ ಕೆಳಗೇ ಇಳಿಯಿತು. ನಾನು ಟ್ಯಾಂಕರ್ ನಿಲ್ಲಿಸುವ ಯಾರ್ಡಿನಲ್ಲಿ ವಾಚ್‌ಮನ್, ಎರಡು ಗಂಟೆಗೆ ಶಿಫ್ಟ್ ಮುಗಿಯುತ್ತದೆ. ರತ್ನ ಹಂಪನಕಟ್ಟೆಯ ಟೈಲರ್ ಅಂಗಡಿಯಿಂದ ಬರುವುದು ಸಂಜೆ. ಹಾಗಾಗಿ ಮಧ್ಯಾಹ್ನದ ಊಟ ನನ್ನ ಪಾಲಿನದು.

"ಇನ್ನೊಂದು ತಿಂಗಳು ನೋಡ್ತೀನಿ. ತೂಕ ಏರ್ಲಿಲ್ಲ ಅಂದ್ರೆ ಇವಳನ್ನ ಕರ್ಕೊಂಡು ಊರಿಗೆ ಹೋಗ್ತೀನಿ. ನೀವು ನಿಮ್ಮ ಟ್ಯಾಂಕರ್ ಕಾಯ್ಕೊಂಡಿರಿ," ಎಂದಳು ರತ್ನ. ತಮಾಷೆಗೆ ಹೇಳಿದ್ದಲ್ಲ. ಚೀಲವನ್ನು ಅಟ್ಟದಿಂದ ಇಳಿಸಿಯೂ ಇಟ್ಟಳು.

ಆ ವಾರವೇ ಮಾರುಕಟ್ಟೆಯಲ್ಲಿ ಹಸಿ ಬಟಾಣಿ ಕಾಯಿ ಕಂಡಿತು. ಅಂಗಡಿಯವರು, "ಘಟ್ಟದ ಮಾಲು, ಇವತ್ತು ಬೆಳಿಗ್ಗೆ ಬಂದದ್ದು," ಎಂದರು. ಇಲ್ಲಿ ನನ್ನನ್ನೂ ಜನ ಘಟ್ಟದವರು ಎಂದೇ ಕರೆಯುವುದು. ಒಂದು ಕಿಲೋ ತಂದೆ.

ಹಿಂದಿನ ಮೆಟ್ಟಿಲ ಮೇಲೆ ನಂದುವನ್ನು ಕೂರಿಸಿಕೊಂಡೆ. ಮಕ್ಕಳಿಗೆ ಬಟಾಣಿ ತೋರಿಸುವಾಗ ತಿನ್ನು ಎನ್ನಬಾರದು, ಮೊದಲು ಕೈಗೆ ಕಾಯಿ ಕೊಡಬೇಕು. ನಮ್ಮಮ್ಮ ಹಾಗೇ ಮಾಡಿದ್ದು. ಹೊಲಿಗೆಯಂಥ ಗೆರೆಯ ಮೇಲೆ ಹೆಬ್ಬೆರಳು ಒತ್ತಿದರೆ ಟಪ್ ಎಂದು ಬಿಚ್ಚುತ್ತದೆ. ಒಳಗೆ ಎಷ್ಟು ಮಂದಿ ಎಂದು ಎಣಿಸಬೇಕು. ನಂದು ಒತ್ತಿದಳು, ಎಣಿಸಿದಳು, ಏಳು. ಒಂದನ್ನು ಬಾಯಿಗೂ ಹಾಕಿಕೊಂಡಳು. ನಾನು ಉಸಿರು ಬಿಗಿಹಿಡಿದು ನೋಡಿದೆ. ಆಮೇಲೆ ಅವಳು ಕಾಳನ್ನು ಎರಡು ಗುಡ್ಡೆ ಮಾಡಿದಳು.

"ಅದು ಯಾರಿಗೆ, ಅಪ್ಪಂಗಾ?"

"ಅಲ್ಲ, ಅಕ್ಕಂಗೆ. ಅಕ್ಕಂಗೆ ಹಸೀದು ಬೇಡ್ವಂತೆ, ಬೇಯಿಸ್ಬೇಕಂತೆ."

"ಯಾವ ಅಕ್ಕ? ಎಷ್ಟು ದೊಡ್ಡೋಳು?"

"ಅಮ್ಮನಷ್ಟು," ಎಂದು ಖಾಲಿ ಮೆಟ್ಟಿಲ ಕಡೆ ನೋಡಿದಳು.

ದೀಪಾವಳಿಯ ದಿನ ನಮ್ಮ ಮಾತು ಕೇಳಿಸಿಕೊಂಡಿರಬೇಕು ಎಂದುಕೊಂಡೆ. ಮಧ್ಯಾಹ್ನ ಮೂರರ ಬಿಸಿಲು. ಆದರೂ ತೋಳಿನ ಕೂದಲು ನಿಂತಿತು. ಮಗು ತಿನ್ನುತ್ತೇನೆ ಎನ್ನುತ್ತಿರುವಾಗ ಏನು ಮಾಡಲಿ? ಒಲೆ ಹಚ್ಚಿದೆ.

ನೀರು ಕುದಿ ಬಂದ ಮೇಲೆ ಕಾಳು ಹಾಕಿ. ಚಿಟಿಕೆ ಸಕ್ಕರೆ ಸಾಕು. ಮುಚ್ಚಳ ಮುಚ್ಚಬೇಡಿ, ಮುಚ್ಚಿದರೆ ಹಸಿರು ಹೋಗಿ ಬೂದು ಬರುತ್ತದೆ. ಎರಡು ಬೆರಳಲ್ಲಿ ಒತ್ತಿದಾಗ ಮೆತ್ತಗೆ ಕುಗ್ಗಬೇಕು, ಒಡೆಯಬಾರದು. ಬಸಿದು, ತುಪ್ಪದಲ್ಲಿ ಜೀರಿಗೆ ಸಿಡಿಸಿ ಒಂದು ಸುತ್ತು ತಿರುಗಿಸಿ, ಉಪ್ಪು ಹಾಕಿ ಇಳಿಸಿ. ಮಕ್ಕಳಿಗೆ ಮೆಣಸು ಬೇಡ. ತಟ್ಟೆಗೆ ಐದೇ ಕಾಳು ಹಾಕಿ, ಕೇಳಿದರೆ ಮತ್ತೈದು. ನಾನು ಎರಡು ತಟ್ಟೆಗೂ ಐದೈದು ಹಾಕಿದೆ. ನಂದು ನಾಲ್ಕು ಸಲ ಕೇಳಿದಳು. ಕೊನೆಗೆ ಅನ್ನದ ಜೊತೆಯೂ ಕಲಸಿಕೊಂಡಳು.

ಗುಲಾಬಿಯಕ್ಕ ಅಷ್ಟರಲ್ಲಿ ಬಂದರು. "ಎಂತದು, ಬಟಾಣಿಯಾ? ಯಾವಾಗ ನೆನೆಸ್ಲಿಕ್ಕೆ ಹಾಕಿದ್ದು?" ಇಲ್ಲಿನವರಿಗೆ ಬಟಾಣಿ ಎಂದರೆ ಒಣಗಿದ್ದು, ರಾತ್ರಿ ನೆನೆಸಿ ತೆಂಗಿನಕಾಯಿ ಅರೆದು ಗಸಿ ಮಾಡುತ್ತಾರೆ. ಹಸಿಯದು ಅಕ್ಕ, ನೆನೆಸುವುದು ಬೇಡ ಎಂದೆ. ಅವರಿಗೆ ಕೇಳಿಸಲಿಲ್ಲ. ನಂದುವಿನ ತಟ್ಟೆಯನ್ನೇ ನೋಡುತ್ತಿದ್ದರು. ಅವಳು ಪ್ರತಿ ಕಾಳಿನ ಸಿಪ್ಪೆಯನ್ನೂ ಬಿಡಿಸಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದಳು. ಹಾಗೆ ತಿನ್ನಲು ನಾನು ಕಲಿಸಿರಲಿಲ್ಲ.

ಗುಲಾಬಿಯಕ್ಕ ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು. "ನಮ್ಮವಳೂ ಹೀಗೇ. ಕಡಲೆ ಆಗ್ಲಿ, ಬಟಾಣಿ ಆಗ್ಲಿ, ಸಿಪ್ಪೆ ತೆಗ್ದು ಸಾಲು ಮಾಡಿ ಇಡ್ತಿದ್ಲು."

"ನೀವು ಇವಳಿಗೆ ಹೇಳಿದ್ರಾ ಅಕ್ಕ?"

"ನನಗೇ ಮರ್ತು ಹೋಗಿತ್ತು ಮಾರಾಯ್ರೆ."

ಅಂದಿನಿಂದ ದಿನಾ ಎರಡು ತಟ್ಟೆ. ಬಟಾಣಿ ಹಾಕಿದ ಉಪ್ಪಿಟ್ಟು, ಬಟಾಣಿ ಚಿತ್ರಾನ್ನ, ಬರಬರುತ್ತ ಗುಲಾಬಿಯಕ್ಕನ ಗಸಿಯನ್ನೂ ನಂದು ತಿಂದಳು. ಚೀಟಿಯ ಗೆರೆ ಮೇಲೇರಿತು. ರತ್ನ ಚೀಟಿಯನ್ನೂ ನೋಡಿದಳು, ಎರಡನೇ ತಟ್ಟೆಯನ್ನೂ ನೋಡಿದಳು.

"ಟ್ಯಾಂಕರ್ ಕಾಯೋಕ್ ಬಂದು ದೆವ್ವಕ್ಕೆ ಅಡುಗೆ ಮಾಡೋ ಕೆಲ್ಸ ಹಿಡಿದ್ರಲ್ರೀ," ಎಂದಳು. ಆಮೇಲೆ ದನಿ ತಗ್ಗಿಸಿ, "ಇವಳು ಯಾರ ಹೊಟ್ಟೆಗೆ ತಿಂತಿದಾಳೆ? ಆ ತಟ್ಟೆ ತೆಗೀರಿ, ಇಲ್ಲ ನಾವು ಹೋಗ್ತೀವಿ," ಎಂದಳು.

ಒಂದು ದಿನ ತೆಗೆದು ನೋಡಿದೆ. ನಂದು ಬಾಯಿ ತೆರೆಯಲಿಲ್ಲ. ತಟ್ಟೆ ಇಟ್ಟರೆ ಹೆಂಡತಿ ಹೋಗುತ್ತಾಳೆ, ತೆಗೆದರೆ ಮಗು ಸೊರಗುತ್ತದೆ.

ಈ ಕಗ್ಗಂಟು ಬಿಡಿಸಿದ್ದು ಗುಲಾಬಿಯಕ್ಕ. ಒಂದು ಮಧ್ಯಾಹ್ನ ಖುಷಿಯಿಂದಲೇ ಬಂದರು. "ಶಶಿಕಲನಿಗೆ ಗಂಡು ಸಿಕ್ಕಿತು. ಮೂಲ್ಕಿ ಕಡೆಯವ. ಒಳ್ಳೆ ಮನೆಯವರು. ಹೋಗುವಾಗ ಎರಡು ವರ್ಷ ಆಗಿತ್ತಂತೆ, ಈಗ ಮೂವತ್ತೈದು. ಮದುವೆಗೆ ನಿಮ್ಮ ಬಟಾಣಿ ಮಾಡಿ ಕೊಡ್ಬಹುದಾ? ಅವಳಿಗೆ ಅಭ್ಯಾಸ ಆಗಿದೆ."

ಚಿಕ್ಕಂದಿನಲ್ಲೇ ಹೋದವರಿಗೆ ವಯಸ್ಸು ಬಂದಾಗ ಇಲ್ಲಿ ಹೀಗೆ ಕುಲೆಗಳ ಮದುವೆ ಮಾಡುತ್ತಾರೆ. ಅದು ಅಂಗಳದಲ್ಲೇ ನಡೆಯಿತು. ಮಣೆಯ ಮೇಲೆ ಎರಡು ಗೊಂಬೆ, ಒಂದಕ್ಕೆ ಪುಟ್ಟ ಸೀರೆ, ಒಂದಕ್ಕೆ ಪಂಚೆ. ಎರಡು ಕಡೆಯ ಬೀಗರೂ ನಿಜವಾದ ಮದುವೆಯಂತೆ ಕಾಫಿ ಸರಿಯಿಲ್ಲ ಎಂದು ಗೊಣಗಿದರು. ಧಾರೆ ಎರೆಯುವಾಗ ಗುಲಾಬಿಯಕ್ಕ ಅತ್ತರು. ಒಳಕೋಣೆಯಲ್ಲಿ ಎರಡು ಎಲೆ, ಎರಡಕ್ಕೂ ನನ್ನ ಕೈಯ ಬಟಾಣಿ. ಬಾಗಿಲು ಮುಚ್ಚಿತು. ನಾವು ಹೊರಗೆ ನಿಂತೆವು. ರತ್ನ ನನ್ನ ತೋಳು ಹಿಡಿದುಕೊಂಡಿದ್ದಳು.

ಮರುದಿನ ನಂದು ತಾನಾಗಿಯೇ ಒಂದೇ ತಟ್ಟೆ ತಂದಳು. ಐದು ಕಾಳು ಬಡಿಸಿದೆ.

"ಅಕ್ಕ ಎಲ್ಲಿ?"

"ಗಂಡನ ಮನೆಗೆ ಹೋದ್ಲು. ಇನ್ಮೇಲೆ ನೀನು ಕೂತ್ಕೋಬೇಕಂತೆ."

ಇಷ್ಟು ದಿನ ನಾನು ನಿಂತು ನೋಡುತ್ತಿದ್ದೆನೇ ಹೊರತು ಅವಳ ಪಕ್ಕ ಕೂತು ಉಂಡಿರಲಿಲ್ಲ. ನನ್ನ ತಟ್ಟೆ ತಂದು ಆ ಜಾಗದಲ್ಲಿ ಕೂತೆ. ನಂದು ಕಾಳನ್ನು ಸಿಪ್ಪೆ ಸಮೇತ ಅಗಿದು ನುಂಗಿದಳು. ನಂದುವಿನ ಸುತ್ತ ನೆಲ ತಣ್ಣಗಿತ್ತು, ಕೈಯಿಟ್ಟು ನೋಡಿದೆ. ನಾನು ಕೂತ ಜಾಗ ಮಾತ್ರ, ಆಗಷ್ಟೇ ಯಾರೋ ಎದ್ದು ಹೋದಂತೆ, ಬೆಚ್ಚಗಿತ್ತು.

ರತ್ನ ಚೀಲವನ್ನು ಮತ್ತೆ ಅಟ್ಟಕ್ಕೆ ಏರಿಸಿದಳು.

ಯುಗಾದಿಗೆ ಕಡೂರಿಗೆ ಹೋಗಿದ್ದೆವು. ಅಮ್ಮ ಉಪ್ಪು ತಾ ಎಂದರು. ಒಳಮನೆಯ ಬಾಗಿಲು ಮುಚ್ಚಿತ್ತು. ನಾನು ಮೂರು ಸಲ ತಟ್ಟಿ, ನಿಂತು ಕಾದೆ.

"ಯಾರಿದಾರೋ ಒಳಗೆ, ತಟ್ಟೋಕೆ?" ಎಂದರು ಅಮ್ಮ.

ಹುಟ್ಟಿದ ಮನೆ. ಒಳಗೆ ಉಪ್ಪಿನ ಜಾಡಿ ಬಿಟ್ಟರೆ ಏನೂ ಇರಲಿಲ್ಲ. ಕಾಟಿಪಳ್ಳದಲ್ಲಿ ನಾನು ಘಟ್ಟದವನು. ಘಟ್ಟದ ಮೇಲೆ, ಖಾಲಿ ಕೋಣೆಯ ಬಾಗಿಲು ತಟ್ಟುವವನು. ಜಾಡಿ ತಂದು ಅಮ್ಮನ ಕೈಗೆ ಕೊಟ್ಟೆ.

ನೀವೂ ಮಕ್ಕಳನ್ನು ಕಟ್ಟಿಕೊಂಡು ಬೇರೆ ಊರಿಗೆ ಹೋಗಿದ್ದರೆ ಬರೆದು ತಿಳಿಸಿ. ಅಲ್ಲಿ ನಿಮ್ಮ ಮಗು ಮೊದಲು ಹೊಟ್ಟೆ ತುಂಬ ಉಂಡದ್ದು ಏನು, ಪಕ್ಕದಲ್ಲಿ ಯಾರು ಕೂತಿದ್ದರು?