ಕೊನೇಫೋಟೋ ಮತ್ತು ದೊಡ್ಡಮ್ಮನ ಹಾಡು

ಅವನು ಕ್ಯಾಮೆರಾ ಹೆಗಲಿಗೇರಿಸಿ ಜನಪದ ಸಂಗೀತದ ಉತ್ಸವಕ್ಕೆ ಕಾಲಿಟ್ಟನೆಂದರೆ ಮುದುಕರ ಪಾಳಯದಲ್ಲಿ ಕೋಲಾಹಲ. ಡೋಲಿನವನು ಡೋಲಿನ ಹಿಂದೆ ಅಡಗುತ್ತಿದ್ದ. ಪಿಟೀಲಿನವನಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಕೆಡುತ್ತಿತ್ತು. ಈ ವೀರಾಧಿವೀರನ ಸಾಕ್ಷ್ಯಚಿತ್ರಗಳಲ್ಲಿ ಪರದೆ ತುಂಬ ಮುಖ ತೋರಿಸಿದವರು ಯಾರೂ ಮುಂದಿನ ಉತ್ಸವಕ್ಕೆ ಬಂದದ್ದಿಲ್ಲ. ಹಾಗಾಗಿಯೇ ಅವನಿಗೆ ‘ಕೊನೇಫೋಟೋ’ ಎಂಬ ಬಿರುದು ಸಂದಿತ್ತು.

ತಪ್ಪು ಅವನದಲ್ಲ. “ತೀರಾ ಹಣ್ಣಾದವರನ್ನೇ ಮೊದಲು ಹಿಡಿಯಪ್ಪ, ಉದುರೋಕ್ ಮುಂಚೆ,” ಎಂದು ಉತ್ಸವದ ಯಜಮಾನರೇ ಹೇಳುತ್ತಿದ್ದರು. ಇವನು ಹಿಡಿಯುತ್ತಿದ್ದ, ಅವರು ಉದುರುತ್ತಿದ್ದರು. ಇದರಲ್ಲಿ ಮಾಟಮಂತ್ರವೇನು ಬಂತು ಎಂದು ಹೆಂಡತಿಯ ಹತ್ತಿರ ವಾದಿಸಿ ಗೆದ್ದಿದ್ದ. ಆದರೂ ಮಗಳ ಹುಟ್ಟುಹಬ್ಬಕ್ಕೆ ಮಾತ್ರ ಬೇರೆಯವರಿಂದ ಫೋಟೋ ತೆಗೆಸುತ್ತಿದ್ದ.

ಈ ಸಲ ಯಜಮಾನರು ಕೈ ತೋರಿದ್ದು ಅವನ ದೊಡ್ಡಮ್ಮನ ಕಡೆಗೆ. ತಾಯಿಯಿಲ್ಲದವನನ್ನು ಬೈದು, ಉಣಿಸಿ, ಮತ್ತೆ ಬೈದು ಬೆಳೆಸಿದವಳು ಅವಳೇ. ಅವಳೊಬ್ಬಳಿಗೇ ಬರುವ ಹಾಡುಗಳು ಇನ್ನೂ ಯಾರ ಯಂತ್ರಕ್ಕೂ ಸಿಕ್ಕಿರಲಿಲ್ಲ.

ವೇದಿಕೆಯ ಹಿಂದಿನ ಕೋಣೆಯಲ್ಲಿ ದೊಡ್ಡಮ್ಮ ಮದುವಣಗಿತ್ತಿಯ ಹಾಗೆ ಕೂತಿದ್ದಳು. ಕೊನೇಫೋಟೋ ಕ್ಯಾಮೆರಾ ನಿಲ್ಲಿಸಿದ, ದೀಪ ತಿರುಗಿಸಿದ, ಕಿವಿಗೆ ಹೆಡ್‌ಫೋನ್ ಏರಿಸಿದ. ರೆಕಾರ್ಡಿಂಗ್ ಗುಂಡಿಯೊಂದನ್ನು ಮಾತ್ರ ಒತ್ತಲಿಲ್ಲ.

“ಹೂಂ, ಹಾಡು ದೊಡ್ಡಮ್ಮ.”

“ಕೆಂಪು ದೀಪ ಎಲ್ಲೋ, ಕಳ್ಳ?”

“ಇದು ಹೊಸಾ ಮಾಡೆಲ್ಲು. ದೀಪ ಬರಲ್ಲ.”

“ಹಾಲು ಕುಡಿಸಿದೋಳ ಕಿವಿಗೇ ಹೂವಿಡ್ತೀಯಾ? ಆ ಡೋಲಿನೋನು ಎಲ್ಲಾ ಹೇಳಿದಾನೆ. ಹೋಗೋದಿದ್ರೆ ನಿನ್ನ ಡಬ್ಬಿನ ಕೇಳ್ಕೊಂಡು ಹೋಗಲ್ಲ ನಾನು. ಹಾಡು ಹೊಟ್ಟೇಲೇ ಉಳೀತೋ, ದೆವ್ವ ಆಗಿ ಬಂದು ನಿನ್ ತಲೆ ಮೇಲೆ ಕೂತು ಹಾಡ್ತೀನಿ. ಒತ್ತೋ!”

ಒತ್ತಿದ.

ಎದುರು ನಿಂತ ಯಜಮಾನರಿಗೆ ಕೇಳಿಸಿದ್ದು ಗಟ್ಟಿ ದನಿ. ಹೆಡ್‌ಫೋನಿನೊಳಗೆ ಅವನಿಗೆ ಬೇರೆಯೇ ಕೇಳಿಸಿತು: ಸಾಲು ಸಾಲಿನ ನಡುವೆ, ಅವಳ ಎದೆಯೊಳಗೆ, ಯಾರೋ ಒಣಗಿದ ಎಲೆ ತುಳಿಯುತ್ತ ಬರುತ್ತಿದ್ದರು. ಮೈಕಿನ ದೋಷವಿರಬೇಕೆಂದು ವೈರು ಅಲುಗಿಸಿದ, ಮೈಕು ಸರಿಯಾಗಿತ್ತು. ಸಣ್ಣ ಪರದೆಯಲ್ಲಿ ಅವಳ ತುಟಿ ನೀಲಿಯಾಗಿ ಕಂಡಿತು. ದೀಪ ಬದಲಿಸಿದ, ನೀಲಿ ಹೋಗಲಿಲ್ಲ.

“ಡಾಕ್ಟರನ್ನ ಕರೀರಿ,” ಎಂದು ಪಿಸುಗುಟ್ಟಿದ. ಯಜಮಾನರು ಪಂಚಾಯಿತಿ ಮಾಡದೆ ಓಡಿದರು.

“ಸಾಕು ದೊಡ್ಡಮ್ಮ. ನೀರು ಕುಡಿ.”

ಅವಳು ಹಾಡುತ್ತಲೇ ಬೆರಳಾಡಿಸಿ ಗದರಿದಳು. ಒಂದು ಮುಗಿದದ್ದೇ ಅದರ ಬಾಲ ಹಿಡಿದು ಇನ್ನೊಂದು. ಉಸಿರು ಕುಗ್ಗುತ್ತಿತ್ತು, ಹಾಡು ಕುಗ್ಗಲಿಲ್ಲ. ನಿಲ್ಲಿಸಲು ಹೋದ ಅವನ ಬೆರಳು ಗುಂಡಿಯ ಮೇಲೆಯೇ ಮರಗಟ್ಟಿತು. ಕ್ಯಾಮೆರಾ ಓಡುವಷ್ಟು ಹೊತ್ತು ಹಾಡುತ್ತಾಳೆ, ಹಾಡುತ್ತಿರುವಷ್ಟು ಹೊತ್ತು ಇದ್ದಾಳಲ್ಲ! ಒತ್ತಿಬಿಟ್ಟರೆ?

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಮಿನುಗತೊಡಗಿತು.

“ಯಾರಾದ್ರೂ ಇನ್ನೊಂದು ಬ್ಯಾಟರಿ ತನ್ನಿ!” ಎಂದು ಬಾಗಿಲಿನತ್ತ ಕುತ್ತಿಗೆ ಚಾಚಿ ಅರಚಿದ. “ಓಡಿ! ಎರಡು ತನ್ನಿ, ಇದ್ದಷ್ಟೂ ತನ್ನಿ!”

ಹಾಡಿನ ನಡುವೆ ಗದ್ದಲವೆಬ್ಬಿಸಿದ್ದಕ್ಕೆ ದೊಡ್ಡಮ್ಮ ಒಂದು ಕಣ್ಣು ತೆರೆದು ಅವನನ್ನು ದುರುಗುಟ್ಟಿ ನೋಡಿದಳು. ಮುಂದಿನ ಸಾಲು ಎತ್ತಿಕೊಳ್ಳಲು ಬಾಯಿ ತೆರೆದಳು.