ಮೂರನೇ ಮಹಡಿಗೆ ಕೈ ಬೀಸಿ

ಡೆಸ್ಮಂಡ್ ಟ್ರೀವ್ಸ್‌ನನ್ನು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವಳು ಅವನ ಹೆಂಡತಿ ಡೋರೀನ್ ಒಬ್ಬಳೇ, ಅದೂ ಸಿಟ್ಟು ಬಂದಾಗ. ಉಳಿದವರಿಗೆಲ್ಲ ಅವನು ಡೆಸ್. ಹುಟ್ಟಿದ್ದು, ಬೆಳೆದದ್ದು ಥೇಮ್ಸ್ ನದಿಯ ದಂಡೆಯ ವಾಪಿಂಗ್‌ನಲ್ಲಿ. ಅಪ್ಪ ಹಡಗುಗಳಿಂದ ಮೂಟೆ ಇಳಿಸುತ್ತಿದ್ದ. ಮಗನೂ ಅದೇ ಕೆಲಸಕ್ಕೆ ಹೆಗಲು ಕೊಡುವ ವಯಸ್ಸಿಗೆ ಬರುವಷ್ಟರಲ್ಲಿ ಹಡಗುಗಳು ಬರುವುದು ನಿಂತಿತು, ಗೋದಾಮುಗಳಲ್ಲಿ ದುಡ್ಡಿದ್ದವರು ಬಂದು ಮನೆ ಮಾಡಿದರು. ಡೆಸ್ ಮೀನು ಮಾರಿದ, ಅಂಚೆ ಮೂಟೆ ಹೊತ್ತ. ಟ್ಯಾಕ್ಸಿ ಓಡಿಸಬೇಕೆಂದು ಊರಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡುವ ಪರೀಕ್ಷೆಗೆ ಕೂತು, ಪರೀಕ್ಷಕನ ಜೊತೆ ಹರಟೆಗಿಳಿದು ಡುಮ್ಕಿ ಹೊಡೆದ. ಮತ್ತೆ ಕೂತ, ಮತ್ತೆ ಹರಟಿದ, ಮತ್ತೆ ಡುಮ್ಕಿ. ಇಂಥ ಬಾಯಿ ಇದ್ದವನಿಗೆ ತಕ್ಕ ಕೆಲಸ ಸಿಕ್ಕಿದ್ದು ತಲೆ ನರೆತ ಮೇಲೆ, ಪ್ರವಾಸಿಗಳ ಸ್ಪೀಡ್‌ಬೋಟಿನಲ್ಲಿ.

ಆ ಬೋಟಿಗೆ ಜನ ಬರುವುದು ವೇಗಕ್ಕೆ. ಆದರೆ ಊರ ನಡುವೆ ವೇಗವಾಗಿ ಹೋಗುವ ಹಾಗಿಲ್ಲ. ಪಾರ್ಲಿಮೆಂಟಿನಿಂದ ಹಿಡಿದು ಟವರ್ ಬ್ರಿಜ್ ದಾಟುವವರೆಗೂ ಮದುವೆ ಮೆರವಣಿಗೆಯ ನಡಿಗೆಯಲ್ಲೇ ಹೋಗಬೇಕು, ಇಲ್ಲದಿದ್ದರೆ ನದಿ ಪೊಲೀಸರು ಅಡ್ಡ ಬರುತ್ತಾರೆ. ವಾಪಿಂಗ್ ಬಂದ ಮೇಲೆ ನದಿ ಅಗಲ, ಅಲ್ಲಿಂದ ಮುಂದೆ ಎಂಜಿನ್ನಿನ ಹಿಡಿಕೆ ತಳ್ಳಿದರೆ ಬೋಟು ಮೂತಿ ಎತ್ತಿಕೊಂಡು ಹಾರುತ್ತದೆ. ಅಲ್ಲಿಯವರೆಗೆ ಚಳಿಯಲ್ಲಿ, ಲೈಫ್ ಜಾಕೆಟ್ಟಿನಲ್ಲಿ ಕಟ್ಟಿಹಾಕಿಸಿಕೊಂಡು ಕೂತ ಜನ ಗೊಣಗದಂತೆ ನೋಡಿಕೊಳ್ಳುವುದು ಗೈಡಿನ ಬಾಯಿಗೆ ಬಿಟ್ಟದ್ದು. ಹಿಂದೆ ಎಂಜಿನ್ ಹತ್ತಿರ ಬೋಟು ನಡೆಸುವ ಸ್ಕಿಪ್ಪರ್, ಮುಂದೆ ಮೈಕು ಹಿಡಿದು ಜನರ ಕಡೆ ಮುಖ ಮಾಡಿ ನಿಂತ ಡೆಸ್.

ಪಾರ್ಲಿಮೆಂಟ್ ಬಂದಾಗ, "ಇಲ್ಲಿ ಆರುನೂರು ಚಿಲ್ಲರೆ ಜನ ಒಟ್ಟಿಗೆ ಕೂಗಾಡ್ತಾರೆ. ನಮ್ಮನೇಲಿ ಅಷ್ಟು ಕೆಲಸ ಡೋರೀನ್ ಒಬ್ಬಳೇ ಮಾಡ್ತಾಳೆ" ಅನ್ನುತ್ತಿದ್ದ. ಹಳೇ ಕೋಟೆ ಬಂದಾಗ, "ರಾಜ ಇಲ್ಲಿ ಇಬ್ಬರು ಹೆಂಡ್ತೀರ ತಲೆ ತೆಗೆಸಿದ. ನಾನು ಒಬ್ಬಳನ್ನ ಕಟ್ಕೊಂಡು ಇವತ್ತಿಗೂ ತಲೆ ಎತ್ತಿಲ್ಲ" ಅನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಹೇಳುವ ರೀತಿ ಹಾಗಿತ್ತು.

ವಾಪಿಂಗ್‌ನಲ್ಲಿ ನದಿಗೆ ಮುಖ ಮಾಡಿದ ಒಂದು ಹಳೇ ಕಟ್ಟಡವಿದೆ, ಹಡಗಿನ ಕೂಲಿಗಳಿಗೆಂದು ನಗರಸಭೆ ಕಟ್ಟಿಸಿದ್ದು. ಅದರ ಮೂರನೇ ಮಹಡಿಯ ಹಸಿರು ಕಂಬಿಯ ಬಾಲ್ಕನಿ ಡೆಸ್‌ನ ಮನೆಯದು. ಕೆಲಸ ಹಿಡಿದ ಹೊಸದರಲ್ಲಿ ಒಂದು ದಿನ ಅವನು ಊಟದ ಡಬ್ಬಿ ಮನೆಯಲ್ಲೇ ಮರೆತು ಬಂದ. ಬೋಟು ಬಾಲ್ಕನಿಯ ಎದುರು ಬಂದಾಗ ಡೋರೀನ್ ಪಾತ್ರೆ ಒರೆಸುವ ಬಟ್ಟೆ ಬೀಸುತ್ತ "ಡೆಸ್ಮಂಡ್! ಡಬ್ಬಿ!" ಎಂದು ಕಿರುಚಿದಳು. ಯಾರೋ ಪ್ರೀತಿಯಿಂದ ಕರೆಯುತ್ತಿದ್ದಾರೆಂದು ತಿಳಿದು ಬೋಟಿನಲ್ಲಿದ್ದವರೆಲ್ಲ ಕೈ ಬೀಸಿದರು. ಡೋರೀನ್‌ಗೆ ನಗು ತಡೆಯಲಾಗಲಿಲ್ಲ. ಮಾರನೆಯ ದಿನವೂ ಬಂದು ನಿಂತಳು.

ಆವತ್ತಿನಿಂದ ಅದೇ ಪದ್ಧತಿಯಾಯಿತು. ಡೋರೀನ್ ಬಟ್ಟೆ ಬೀಸಬೇಕು, ಡೆಸ್ "ಬೀಸಿದ್ಲು! ಬಿಡು ರಸ್!" ಅನ್ನಬೇಕು, ಆಗಲೇ ಸ್ಕಿಪ್ಪರ್ ರಸೆಲ್ ಗ್ಯಾಮನ್ ಹಿಡಿಕೆ ತಳ್ಳುವುದು. ರಸ್ ತಲೆಮಾರುಗಳಿಂದ ದೋಣಿ ನಡೆಸುವ ಮನೆಯವನು, ಡೆಸ್‌ಗಿಂತ ತುಂಬ ಚಿಕ್ಕವನು, ಮಾತು ಕಡಿಮೆ. "ಅವಳು ಬೀಸೋ ತನಕ ನಾನು ಹಿಡಿಕೆ ಮುಟ್ಟಲ್ಲ. ಅವಳೇ ನಂಗೆ ಹಸಿರು ದೀಪ" ಅನ್ನುತ್ತಿದ್ದ. ಡೋರೀನ್ ಮಾತ್ರ ಸಂಜೆ ಗಂಡನಿಗೆ ಬೈಯುತ್ತಿದ್ದಳು. "ನಾನೇನು ಟ್ರಾಫಿಕ್ ಪೊಲೀಸಾ? ಒಲೆ ಮೇಲೆ ಹಾಲು ಉಕ್ತಾ ಇರುತ್ತೆ, ನಿಮ್ಮ ದೋಣಿ ಬಂದುಬಿಡುತ್ತೆ." ಬೈದರೂ ಒಂದು ದಿನ ತಪ್ಪಿಸಿದವಳಲ್ಲ. ತಲೆಗೆ ಬಣ್ಣ ಹಚ್ಚಿಕೊಂಡು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿದ್ದರೂ ಬಂದು ಬೀಸಿ ಹೋಗುತ್ತಿದ್ದಳು.

ಬೋಟುಗಳು ಹೊರಡುವ ಜೆಟ್ಟಿಯ ಗೈಡುಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ರಾಜರ ಮೇಲಿನ ತಮಾಷೆ, ಸೇತುವೆಯ ಮೇಲಿನ ತಮಾಷೆ ಯಾರು ಬೇಕಾದರೂ ಕದಿಯಬಹುದು, ಎಲ್ಲರೂ ಎಲ್ಲರದ್ದನ್ನೂ ಕದ್ದವರೇ. ಆದರೆ ಒಬ್ಬನ ಮನೆಯ ಮಾತು ಅವನದು. ಅವನ ಹೆಂಡತಿ, ಅವನ ತಾಯಿ ಬರುವ ಮಾತನ್ನು ಇನ್ನೊಂದು ಬೋಟಿನಲ್ಲಿ ಎತ್ತುವ ಹಾಗಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಮುರಿದವರೂ ಇರಲಿಲ್ಲ. ಡೆಸ್ ಈ ಪದ್ಧತಿಯನ್ನು ನಂಬಿ ಬದುಕಿದ್ದ.

ಡೋರೀನ್ ಹೋದದ್ದು ಎಲೆ ಉದುರುವ ಕಾಲದಲ್ಲಿ. ಬೆಳಿಗ್ಗೆ ಎದೆ ಹಿಡಿದುಕೊಂಡಿತು ಅಂದಳು, ಮಧ್ಯಾಹ್ನಕ್ಕೆ ಇರಲಿಲ್ಲ. ಡೆಸ್‌ನ ಬಾಯಿ ಕಟ್ಟಿಹೋಯಿತು. ಸಾಂತ್ವನ ಹೇಳಲು ಬಂದವರಿಗೆ ಚಹಾ ಮಾಡಿ ಕೊಟ್ಟು ಸುಮ್ಮನೆ ಕೂರುತ್ತಿದ್ದ. ಬರಬರುತ್ತ ಬರುವವರೂ ಕಡಿಮೆಯಾದರು. ಬಿಡದೆ ಬಂದವನು ರಸ್ ಒಬ್ಬನೇ.

ಬರುವಾಗ ಮೂಲೆ ಅಂಗಡಿಯಿಂದ ಮಾಂಸದ ಕಡುಬು, ಹಿಸುಕಿದ ಆಲೂಗಡ್ಡೆ, ಅದರ ಮೇಲೆ ಹಸಿರು ಸಾರು, ಎಲ್ಲ ಬಿಸಿಬಿಸಿ ತರುತ್ತಿದ್ದ. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ಬಾಲ್ಕನಿಯ ಬಾಗಿಲು ತೆಗೆದು, ಎರಡು ಕುರ್ಚಿ ಹಾಕಿ, ಫೋನು ಕೈಗೆತ್ತಿಕೊಂಡ.

"ಡೆಸ್, ಇಡೀ ಸುತ್ತು ಒಂದ್ಸಲ ಹೇಳು ನೋಡೋಣ. ಮೊದಲಿಂದ ಕೊನೇವರೆಗೆ."

"ಯಾತಕ್ಕೋ?"

"ಮರೆತುಹೋಗುತ್ತೆ ಮಾರಾಯ. ರೆಕಾರ್ಡ್ ಮಾಡಿ ಇಡ್ತೀನಿ. ನಿನ್ನ ಹತ್ರ ಒಂದು, ನನ್ನ ಹತ್ರ ಒಂದು. ಡೋರೀನ್ ಇದಾಳೆ ಅಂತಲೇ ಹೇಳು."

ಡೆಸ್ ನದಿ ನೋಡುತ್ತ ಶುರುಮಾಡಿದ. ಪಾರ್ಲಿಮೆಂಟ್ ಬಂತು, ಕೋಟೆ ಬಂತು, ಅವನಿಗೇ ನಗು ಬಂತು. "ಅಗೋ, ಮೂರನೇ ಮಹಡಿ, ಹಸಿರು ಕಂಬಿ. ನನ್ನ ಡೋರೀನ್. ಎಲ್ಲರೂ ಕೈ ಬೀಸ್ರಪ್ಪ, ಬೀಸದಿದ್ರೆ ಇವತ್ತು ನಂಗೆ ಊಟ ಇಲ್ಲ" ಎಂದು ಹೇಳಿ, ಅವಳು ಬೀಸಲು ಹಿಡಿಯುವಷ್ಟು ಹೊತ್ತು ಸುಮ್ಮನಾದ. ಆ ಹೊತ್ತು ಉದ್ದವಾಯಿತು. ಕೊನೆಗೆ ಒಡೆದ ದನಿಯಲ್ಲಿ, "ಬೀಸಿದ್ಲು. ಬಿಡು ರಸ್" ಅಂದ. ರಸ್ ಕಣ್ಣೊರೆಸಿಕೊಂಡು ಫೋನು ಜೇಬಿಗೆ ಹಾಕಿಕೊಂಡ. ಅವನ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಡೆಸ್‌ನನ್ನು ಆಮೇಲೆ ಹೆಚ್ಚು ಕೊರೆದದ್ದೂ ಅದೇ.

ಚಳಿ ಮುಗಿಯುವ ಹೊತ್ತಿಗೆ ಬೋಟಿನ ಕಂಪನಿಯಿಂದ ಫೋನು ಬಂತು. ಈ ಸಲ ಜನ ಕಡಿಮೆ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ, ಕರೆಯುತ್ತೇವೆ ಅಂದರು. ಡೆಸ್‌ಗೂ ಅವಸರವಿರಲಿಲ್ಲ. ಅವನಿಗಿದ್ದ ಆಸೆ ಒಂದೇ. ಮೊದಲ ಸುತ್ತಿನಲ್ಲಿ ಬಾಲ್ಕನಿಯ ಎದುರು ಬಂದಾಗ ಮೈಕು ಕೆಳಗಿಟ್ಟು, ಒಬ್ಬನೇ, ಒಮ್ಮೆ ಕೈ ಬೀಸಬೇಕು. ಆಮೇಲೆ ಆ ಮಾತನ್ನು ಇನ್ಯಾವತ್ತೂ ಎತ್ತಬಾರದು. ಅವಳ ಜೊತೆ ಅದೂ ಮುಗಿಯಬೇಕು.

ಬಿಸಿಲು ಬಿದ್ದ ಮೊದಲ ದಿನ ಅವನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಕೆಳಗಿನಿಂದ ಯಾರೋ ಅವನದೇ ದನಿಯಲ್ಲಿ ಮಾತಾಡಿದರು.

"ಅಗೋ, ಮೂರನೇ ಮಹಡಿ, ಹಸಿರು ಕಂಬಿ..."

ಡೆಸ್‌ನ ಕೈಯಿಂದ ಕ್ಲಿಪ್ಪು ಜಾರಿತು. ನದಿಯಲ್ಲಿ ಬೋಟು, ಬೋಟಿನಲ್ಲಿ ಹೊಸ ಸ್ಪೀಕರುಗಳು, ಮುಂದೆ ಅವನು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇಲ್ಲ. ಜನ ಕೈ ಎತ್ತಿ ಬೀಸುತ್ತಿದ್ದರು. ಅವನು ಗಾಬರಿಯಿಂದ ಹಾಸಿಗೆ ಚಾದರದ ಹಿಂದೆ ಅವಿತುಕೊಂಡ. ತನ್ನ ಮನೆಯಲ್ಲೇ ಕಳ್ಳನ ಹಾಗೆ ಅವಿತದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಕೋಟು ಹಾಕಿಕೊಂಡು ನೇರ ಜೆಟ್ಟಿಗೆ ಹೋದ. ಟಿಕೆಟ್ ಕೊಡುವ ಪರ್ಲ್ ಅವನನ್ನು ನೋಡಿದ್ದೇ ಕಿಟಕಿಯ ಹಿಂದಿನಿಂದ ಎದ್ದು ನಿಂತಳು. ಜಮೈಕಾದಿಂದ ಬಂದ ಮನೆತನದವಳು, ಎಲ್ಲರನ್ನೂ ಚಿನ್ನ ಅನ್ನುವವಳು, ಸುಳ್ಳು ಹೇಳಲು ಬಾರದವಳು.

"ಚಿನ್ನಾ, ನಿಂಗೆ ಗೊತ್ತಿಲ್ವಾ? ನೀನೇ ಒಪ್ಪಿ ರೆಕಾರ್ಡಿಂಗ್ ಕೊಟ್ಟೆ ಅಂತ ರಸ್ ಹೇಳಿದ್ನಲ್ಲ."

"ನಾನೇ?"

"ಡೆಸ್‌ಗೆ ಇನ್ನು ಆಗಲ್ಲ, ಅವನ ನೆನಪಿಗೆ ಇರಲಿ ಅಂತ. ಈಗ ಎಲ್ಲ ಬೋಟಲ್ಲೂ ನೀನೇ. ಗೈಡ್‌ಗಳನ್ನೆಲ್ಲ ತೆಗೆದಿದಾರೆ. ರಸ್‌ನನ್ನ ಸ್ಕಿಪ್ಪರುಗಳಿಗೆಲ್ಲ ಮೇಲಿನವನನ್ನಾಗಿ ಮಾಡಿದಾರೆ."

ಎಲ್ಲ ಬೋಟಲ್ಲೂ. ಹಾಗಾದರೆ ಡೋರೀನ್ ದಿನವಿಡೀ, ಬೋಟಿನ ಹಿಂದೆ ಬೋಟಿಗೆ, ಗೊತ್ತಿಲ್ಲದವರಿಗೆಲ್ಲ ಬೀಸುತ್ತ ನಿಂತಿರಬೇಕು. ಡೆಸ್ ಒಂದು ಸೀಟು ಕೇಳಿದ. ಪರ್ಲ್ ಏನೂ ಕೇಳದೆ ಗೇಟು ತೆಗೆದಳು.

ಅಷ್ಟು ವರ್ಷ ಆ ಬೋಟಿನಲ್ಲಿದ್ದವನು ಜನರ ಸೀಟಿನಲ್ಲಿ ಎಂದೂ ಕೂತಿರಲಿಲ್ಲ. ರಸ್ ಜನರನ್ನು ಎಣಿಸುತ್ತ ಬಂದವನು ಡೆಸ್‌ನ ಮುಖ ನೋಡಿ ತಡವರಿಸಿದ. ಹಿಂದೆ ಹೋಗಿ ಎಂಜಿನ್ ಚಾಲೂ ಮಾಡಿದ. ಬೇರೇನು ಮಾಡಬಲ್ಲ, ಬೋಟು ತುಂಬಿತ್ತು.

ಸ್ಪೀಕರಿನಿಂದ ಡೆಸ್ ಮಾತಾಡಿದ. ಜನ ನಕ್ಕರು. ಕೋಟೆಯ ಹತ್ತಿರ ಪಕ್ಕದ ಹೆಂಗಸು ನಗುತ್ತ ನಗುತ್ತ ಅವನ ತೋಳು ಹಿಡಿದುಕೊಂಡಳು. ಡೆಸ್ ಕಾದು ಕೂತಿದ್ದ. ಟವರ್ ಬ್ರಿಜ್ ತಲೆಯ ಮೇಲೆ ಹಾದುಹೋಯಿತು, ಹಳೇ ಗೋದಾಮುಗಳು ಬಂದವು, ತನ್ನ ಮನೆ ಬಂತು. ಬಾಲ್ಕನಿಯಲ್ಲಿ ಅವನೇ ಒಣಹಾಕಿದ ಚಾದರ ಆಡುತ್ತಿತ್ತು. ಸ್ಪೀಕರು ಕೈ ಬೀಸಿ ಅಂದಿತು. ಎಲ್ಲರೂ ಬೀಸಿದರು. ಆಮೇಲೆ ಆ ಮೌನ. ಅವನ ಕುರ್ಚಿ ಕಿರುಗುಟ್ಟಿದ್ದು, ಅವನು ಉಸಿರು ಎಳೆದುಕೊಂಡದ್ದು, ಎಲ್ಲ ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿತು.

"ಬೀಸಿದ್ಲು. ಬಿಡು ರಸ್."

"ಅಬ್ಬಾ, ಎಂಥಾ ನಟನೆ! ಅಳು ಬಂದಂಗೇ ಮಾಡ್ತಾನೆ ನೋಡಿ" ಎಂದಳು ಪಕ್ಕದವಳು.

ಬೋಟು ಹಾರಿತು. ನೀರು ಮುಖಕ್ಕೆ ರಾಚಿತು, ಜನ ಕಿರುಚಿದರು, ತಿರುವಿನಲ್ಲಿ ಬೋಟು ಮಗ್ಗುಲಾದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಡೆಸ್ ಮುಂದಿನ ಕಂಬಿ ಹಿಡಿದು ಅತ್ತ. ಎಲ್ಲರ ಮುಖವೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ಜೆಟ್ಟಿಯಲ್ಲಿ ಜನ ಇಳಿದು ಹೋಗುವವರೆಗೆ ಅವನು ಕೂತೇ ಇದ್ದ. ರಸ್ ಹಗ್ಗ ಕಟ್ಟಿ ಬಂದ. ಹೆಗಲ ಮೇಲೆ ಹೊಸ ಪಟ್ಟಿ.

"ಹೇಳೋಣ ಅಂತಲೇ ಇದ್ದೆ ಡೆಸ್."

"ಯಾವಾಗ? ನನ್ನ ಶವಪೆಟ್ಟಿಗೆಗೆ ಮೊಳೆ ಹೊಡೆಯುವಾಗಲಾ?"

"ಗೈಡ್‌ಗಳನ್ನ ಹೆಂಗೂ ತೆಗೆಯೋರೇ ಇದ್ರು. ಯಾವನೋ ಟೀವಿಯವನ ದನಿ ಹಾಕ್ಸೋರಿದ್ರು. ಡೆಸ್‌ನದ್ದೇ ಇದೆ ಅಂತ ನಾನು ಕೊಟ್ಟೆ. ನೀನು ನದಿ ಮೇಲೆ ಉಳೀಲಿ ಅಂತ ಕಣೋ."

"ನಾನೆಲ್ಲಿ ಉಳಿದೆ? ನಾನು ಮನೇಲಿ ಚಾದರ ಒಣಹಾಕ್ತಾ ಇದೀನಿ. ಉಳಿದೋನು ನೀನು."

ರಸ್ ತಲೆ ತಗ್ಗಿಸಿದ. "ನಂಗೂ ಮನೆ ಇದೆ ಡೆಸ್."

"ನಂಗೂ ಇತ್ತು. ಅದನ್ನೇ ಕೊಟ್ಟಿದೀಯ ನೀನು." ಡೆಸ್ ಎದ್ದ. ಕೂಗಾಡಬೇಕೆಂದು ಬಂದಿದ್ದ, ಕೂಗು ಬರಲಿಲ್ಲ. "ನೋಡು, ರಾಜರು, ಮಂತ್ರಿಗಳು, ಸೇತುವೆ, ಎಲ್ಲ ಇಟ್ಕೊ. ನಂಗೆ ಬೇಡ. ಡೋರೀನ್‌ದೊಂದು ತೆಗೆಸಿಬಿಡು. ಅಷ್ಟೇ ಕೇಳೋದು."

ರಸ್ ಬಗ್ಗಿ ಹಗ್ಗದ ಗಂಟನ್ನು ಇನ್ನಷ್ಟು ಬಿಗಿ ಮಾಡಿದ. "ಜನ ಅದಕ್ಕೇ ಬರ್ತಾರೆ ಮಾರಾಯ. ಅದನ್ನ ತೆಗೆಯೋಕೆ ಅವರು ಒಪ್ಪಲ್ಲ."

"ಕೇಳಿದ್ಯಾ ಅವರನ್ನ?"

ರಸ್ ಕೇಳಿರಲಿಲ್ಲ. ಕೇಳುವವನೂ ಅಲ್ಲ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಆಮೇಲೆ ಡೆಸ್ ಪರದೆ ಎಳೆದುಕೊಂಡು ಇರತೊಡಗಿದ. ರೇಡಿಯೋ ಜೋರಾಗಿ ಹಾಕಿದ. ಪ್ರಯೋಜನವಾಗಲಿಲ್ಲ, ತನ್ನ ದನಿ ಎಂಥ ಗೋಡೆಯನ್ನೂ ದಾಟಿ ಬರುತ್ತದೆ. ಬೋಟು ಇನ್ನೂ ಕೋಟೆಯ ಹತ್ತಿರ ಇರುವಾಗಲೇ ಅವನ ಕಿವಿ ನಿಮಿರುತ್ತಿತ್ತು.

ಒಂದು ಬೆಳಿಗ್ಗೆ ಪಾತ್ರೆ ತೊಳೆದು ಒರೆಸುತ್ತಿದ್ದ. ಸೆಕೆಯೆಂದು ಬಾಲ್ಕನಿಯ ಬಾಗಿಲು ತೆಗೆದಿಟ್ಟಿದ್ದ. "ಅಗೋ, ಮೂರನೇ ಮಹಡಿ" ಅಂತು ನದಿ. ಅವನು ಬಾಗಿಲು ಮುಚ್ಚಲೆಂದೇ ಹೋದದ್ದು. ಕಂಬಿಯ ಹತ್ತಿರ ಹೋಗಿ ನಿಂತಾಗ "ನನ್ನ ಡೋರೀನ್" ಎಂದು ಕೇಳಿತು. ಆ ಹೆಸರು ಕಿವಿಗೆ ಬಿದ್ದದ್ದಕ್ಕೆ, ಅಷ್ಟು ವರ್ಷದ ಅಭ್ಯಾಸಕ್ಕೆ, ಅವನ ಕೈ ತಾನಾಗಿ ಮೇಲೆದ್ದಿತು. ಕೈಯಲ್ಲಿ ಅದೇ ಪಾತ್ರೆ ಒರೆಸುವ ಬಟ್ಟೆಯಿತ್ತು. ಅದು ಗಾಳಿಗೆ ಬಿಚ್ಚಿಕೊಂಡಿತು.

ಬೋಟಿನಲ್ಲಿ ಹೋ ಎಂದು ಕೂಗು ಎದ್ದಿತು. ಜನ ಎದ್ದು ನಿಂತು ಬೀಸಿದರು. ಹಿಂದೆ ಎಂಜಿನ್ ಹತ್ತಿರ ನಿಂತಿದ್ದ ರಸ್ ತಲೆಯೆತ್ತಿ ನೋಡಿದ. ಅವನ ಮುಖ ಅರಳಿದ್ದು ಮೂರನೇ ಮಹಡಿಗೂ ಕಂಡಿತು. ಟೋಪಿ ತೆಗೆದು, ಎದೆಗೆ ಹಿಡಿದು, ಅವನೂ ಕೈಯೆತ್ತಿ ಬೀಸಿದ. ಡೆಸ್ ಕ್ಷಮಿಸಿಬಿಟ್ಟ ಎಂದುಕೊಂಡಿದ್ದ ಅವನು.

"ನಿಂಗಲ್ಲ ಕಣೋ!" ಡೆಸ್ ಕಂಬಿಯ ಮೇಲೆ ಬಗ್ಗಿ ಕೂಗಿದ. "ನಿಂಗಲ್ಲ! ನಿಂಗಲ್ವೋ!"

ಮೈಕಿಲ್ಲದ ದನಿ ಆ ಅಗಲದ ನೀರನ್ನು ದಾಟಲಿಲ್ಲ. ಅದರ ಮೇಲೆ ಇನ್ನೊಂದು ದನಿ, ದೊಡ್ಡದು, ಅವನದೇ, ಬೀಸಿದ್ಲು, ಬಿಡು ರಸ್ ಅಂದಿತು. ರಸ್ ಟೋಪಿ ಹಾಕಿಕೊಂಡು ಹಿಡಿಕೆ ತಳ್ಳಿದ.